ಸಂಗೀತ ತರಗತಿಯಲ್ಲಿ ಮೊದಲು ಸಮಸ್ಯೆ, ಆಮೇಲೆ ಪಾಠ: ಪ್ರೌಢಶಾಲೆ ಶಿಕ್ಷಕರಿಗೊಂದು ಮಾರ್ಗದರ್ಶಿ

ಪ್ರೌಢಶಾಲೆಯ ಸಂಗೀತ ಪೀರಿಯಡ್ ಹೆಚ್ಚಾಗಿ ಒಂದೇ ದಾರಿಯಲ್ಲಿ ನಡೆಯುತ್ತದೆ. ಶಿಕ್ಷಕರು ಒಂದು ಸಾಲು ಹಾಡುತ್ತಾರೆ, ಮಕ್ಕಳು ಅದನ್ನೇ ಹಾಡುತ್ತಾರೆ. ನಡುವೆ ಶ್ರುತಿ ಎಂದರೇನು, ಲಯ ಎಂದರೇನು ಅಂತ ನಾಲ್ಕು ಸಾಲು ನೋಟ್ಸ್. ಹಾಡು ಬರುತ್ತದೆ, ಅದರಲ್ಲಿ ಸಂಶಯವಿಲ್ಲ. ಆದರೆ ಹಾಡು ಎಲ್ಲೋ ಕೆಟ್ಟರೆ ಅದನ್ನು ಸರಿಮಾಡುವುದು ಹೇಗೆ ಅಂತ ಮಕ್ಕಳಿಗೆ ತಿಳಿಯುವುದಿಲ್ಲ. ಯಾವಾಗಲೂ ಶಿಕ್ಷಕರೇ ಸರಿಮಾಡಿ ಕೊಟ್ಟಿರುತ್ತಾರಲ್ಲ.

ಸಮಸ್ಯೆ ಆಧಾರಿತ ಕಲಿಕೆಯಲ್ಲಿ ಈ ಕ್ರಮ ತಿರುಗಿ ನಿಲ್ಲುತ್ತದೆ. ಮಕ್ಕಳ ಮುಂದೆ ಮೊದಲು ಒಂದು ಸಮಸ್ಯೆ ಬರುತ್ತದೆ. ಅದನ್ನು ಬಿಡಿಸಲು ಏನು ಗೊತ್ತಿಲ್ಲ ಅಂತ ಅವರೇ ಪತ್ತೆ ಮಾಡುತ್ತಾರೆ. ಪಾಠ ಆಮೇಲೆ ಬರುತ್ತದೆ, ಅದೂ ಬೇಕಾದಷ್ಟೇ. ಈ ಪದ್ಧತಿ ಹುಟ್ಟಿದ್ದು ವೈದ್ಯಕೀಯ ಶಿಕ್ಷಣದಲ್ಲಿ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ಸೇರಿದ ಮೊದಲ ತಂಡದ ವಿದ್ಯಾರ್ಥಿಗಳಿಗೆ, ಪುಸ್ತಕಕ್ಕಿಂತ ಮೊದಲು ರೋಗಿಯ ತೊಂದರೆಯನ್ನು ಮುಂದಿಟ್ಟು ಕಲಿಸಲು ಶುರುಮಾಡಿದರು. ಹೊವರ್ಡ್ ಬ್ಯಾರೋಸ್ ಎಂಬ ವೈದ್ಯ ಇದನ್ನು ಬೆಳೆಸಿದವರಲ್ಲಿ ಮುಖ್ಯರು. 1970ರ ದಶಕದಲ್ಲಿ ನೆದರ್‌ಲೆಂಡ್ಸ್‌ನ ಮಾಸ್ಟ್ರಿಖ್ಟ್‌ನಲ್ಲಿ ಇದನ್ನು 7 ಹಂತಗಳಾಗಿ ಜೋಡಿಸಿದರು. ಸಂಗೀತದ ತರಗತಿಗೆ ಆ ಏಳನ್ನೂ ಹಾಗೇ ತಂದು ಕೂರಿಸಬೇಕಿಲ್ಲ. ನಮ್ಮಲ್ಲಿ ಒಂದು ವಿಷಯ ಬೇರೆಯೇ ಇದೆ: ಇಲ್ಲಿ ಸಮಸ್ಯೆಯನ್ನು ಓದಿದರೆ ಸಾಲದು, ಅದು ಕಿವಿಗೆ ಬೀಳಬೇಕು. ಮುಂದಿನ ಹಂತಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ಹಂತ 1: ಸಮಸ್ಯೆ ಆರಿಸುವುದು

ಅರ್ಧ ಕೆಲಸ ಇಲ್ಲೇ ಇದೆ. ಇಲ್ಲಿ ಅವಸರ ಮಾಡಿದರೆ ಮುಂದೆ ಎಷ್ಟು ಒದ್ದಾಡಿದರೂ ಪ್ರಯೋಜನವಿಲ್ಲ.

"ವಾದ್ಯಗಳ ಬಗ್ಗೆ ಚಾರ್ಟ್ ಮಾಡಿ ತನ್ನಿ" ಎಂಬುದು ಸಮಸ್ಯೆಯಲ್ಲ, ಪ್ರಾಜೆಕ್ಟ್. ಇಂಟರ್‌ನೆಟ್‌ನಿಂದ ಇಳಿಸಿ ಅಂಟಿಸಿದರೆ ಮುಗಿಯಿತು. "ತಾಳದ ವಿಧಗಳನ್ನು ತಿಳಿಸಿ" ಎಂಬುದು ಪ್ರಶ್ನೆ. "ಒಂದು ಹಾಡು ಕಟ್ಟಿ" ಎಂಬುದು ಚಟುವಟಿಕೆ, ಚೆನ್ನಾಗಿಯೇ ಇದೆ, ಆದರೆ ಅದರಲ್ಲಿ ತೊಡಕೇ ಇಲ್ಲ. ಸಮಸ್ಯೆ ಎಂದರೆ ಈಗ ಏನೋ ಸರಿಯಾಗಿ ಕೇಳಿಸುತ್ತಿಲ್ಲ, ಅದು ಸರಿಯಾಗಿ ಕೇಳಿಸಬೇಕು, ದಾರಿ ಮಾತ್ರ ಗೊತ್ತಿಲ್ಲ.

ಒಂದು ಸಮಸ್ಯೆ ಕೈಗೆ ಸಿಕ್ಕಾಗ ಇವಿಷ್ಟನ್ನು ನೋಡಿ. ಸಂಗೀತ ಕಲಿಯದ ಮಗುವಿಗೂ "ಏನೋ ಕೆಟ್ಟಿದೆ" ಅಂತ ಕೇಳಿದ ತಕ್ಷಣ ಅನ್ನಿಸುತ್ತದೆಯೇ? ಎರಡು ಮೂರು ಬೇರೆ ಬೇರೆ ಪರಿಹಾರಗಳಿಗೆ ಜಾಗ ಇದೆಯೇ? ನೀವು ಹೇಗಿದ್ದರೂ ಕಲಿಸಬೇಕಾದ ಪಾಠ ಅದರ ಒಳಗೆ ಅಡಗಿದೆಯೇ? ಕೊನೆಯದು ಇಲ್ಲದಿದ್ದರೆ ಮಕ್ಕಳಿಗೆ ಖುಷಿಯಾಗುತ್ತದೆ, ಪಠ್ಯ ಅಲ್ಲೇ ನಿಂತಿರುತ್ತದೆ.

ಈ ವಯಸ್ಸಿನ ತರಗತಿಯಲ್ಲಿ ಒಂದು ಸಮಸ್ಯೆ ಯಾರೂ ಹುಡುಕದೆ ತಾನಾಗಿಯೇ ಇರುತ್ತದೆ: ದನಿ ಒಡೆಯುವುದು. ಸುಮಾರು 12ರಿಂದ 15 ವರ್ಷದೊಳಗೆ ಹೆಚ್ಚಿನ ಹುಡುಗರ ಧ್ವನಿಪೆಟ್ಟಿಗೆ ಬೆಳೆದು, ಧ್ವನಿತಂತುಗಳು ಉದ್ದವಾಗಿ, ದನಿ ಹೆಚ್ಚುಕಡಿಮೆ ಒಂದು ಸ್ಥಾಯಿ (ಒಂದು ಸ ಇಂದ ಮುಂದಿನ ಸ ವರೆಗಿನ ಅಂತರ) ಕೆಳಗಿಳಿಯುತ್ತದೆ. ಹುಡುಗಿಯರ ದನಿಯೂ ಬದಲಾಗುತ್ತದೆ. ಅದು ಕಡಿಮೆ, ಹಾಗಾಗಿ ಯಾರೂ ಗಮನಿಸುವುದಿಲ್ಲ. ಕೆಲವರ ದನಿಯಲ್ಲಿ ಗಾಳಿ ಸೇರಿದಂತೆ ಕೇಳುತ್ತದೆ ಅಷ್ಟೆ. ಕಳೆದ ವರ್ಷ ಎಲ್ಲರೂ ಸೇರಿ ಹಾಡಿದ ಹಾಡನ್ನು ಈ ವರ್ಷ ಹಾಡಿಸಿ ನೋಡಿ. ಒಂದು ಕಡೆ ಕಿರುಚಾಟ, ಇನ್ನೊಂದು ಕಡೆ ಗೊಣಗಾಟ, ಹಿಂದಿನ ಬೆಂಚಿನಲ್ಲಿ ತುಟಿ ಮಾತ್ರ ಅಲ್ಲಾಡುತ್ತಿರುತ್ತದೆ. ಸಾಮಾನ್ಯವಾಗಿ ನಾವೇನು ಮಾಡುತ್ತೇವೆ? ಆ ಹುಡುಗರನ್ನು ಹಾಡಿನಿಂದ ಬಿಟ್ಟು ಸ್ಟೇಜ್ ಕೆಲಸಕ್ಕೆ ಹಾಕುತ್ತೇವೆ. ಅದರ ಬದಲು ಇದನ್ನೇ ಸಮಸ್ಯೆಯಾಗಿ ಮುಂದಿಡಿ. ಈ ಲೇಖನದಲ್ಲಿ ಇದೇ ಉದಾಹರಣೆಯನ್ನು ಕೊನೆತನಕ ಹಿಡಿದು ಹೋಗುತ್ತೇನೆ.

ಹಂತ 2: ಸಮಸ್ಯೆಯನ್ನು ಬರೆದಿಡುವುದು

ಅರ್ಧ ಪುಟ ಸಾಕು. ಯಾರು, ಯಾವಾಗ, ಏನು ಆಗಬೇಕು, ಯಾವುದು ಕೂಡದು, ಇಷ್ಟಿರಲಿ. ಹೇಗೆ ಎಂಬುದು ಮಾತ್ರ ಇರಬಾರದು. ಹೀಗೆ:

"ಮೂರು ವಾರದ ನಂತರ ನಿಮ್ಮ ತರಗತಿ ಶಾಲೆಯ ಕಾರ್ಯಕ್ರಮದಲ್ಲಿ ಒಂದು ಹಾಡು ಹಾಡಬೇಕು. ಹಾಡು ಇದೇ. ಈಗ ನೀವು ಹಾಡಿದ್ದು ಹೇಗಿದೆ ಅಂತ ರೆಕಾರ್ಡಿಂಗ್‌ನಲ್ಲಿ ಕೇಳಿದಿರಿ. ಕಾರ್ಯಕ್ರಮದ ದಿನ ತರಗತಿಯ ಪ್ರತಿಯೊಬ್ಬರ ದನಿಯೂ ಹಾಡಿನಲ್ಲಿರಬೇಕು. ಯಾರೂ ಕಿರುಚಬಾರದು. ಯಾರೂ ಸುಮ್ನೆ ತುಟಿ ಅಲ್ಲಾಡಿಸಬಾರದು. ಸಾಹಿತ್ಯ ಬದಲಿಸುವಂತಿಲ್ಲ. ಉಳಿದಿದ್ದನ್ನೆಲ್ಲ ಬದಲಿಸಬಹುದು."

ಕೊನೆಯ ಮೂರು ನಾಲ್ಕು ಸಾಲುಗಳನ್ನು ಗಮನಿಸಿ. ಕಟ್ಟುಪಾಡು ಇಲ್ಲದಿದ್ದರೆ ಮಕ್ಕಳು ಸುಲಭದ ದಾರಿ ಹಿಡಿಯುತ್ತಾರೆ: ಚೆನ್ನಾಗಿ ಹಾಡುವ ಐದು ಜನರನ್ನು ಮುಂದೆ ನಿಲ್ಲಿಸಿ ಉಳಿದವರು ಚಪ್ಪಾಳೆ. "ಪ್ರತಿಯೊಬ್ಬರ ದನಿಯೂ" ಅಂದ ಕೂಡಲೇ ಆ ಬಾಗಿಲು ಮುಚ್ಚುತ್ತದೆ.

ಹಂತ 3: ಗುಂಪು

ಐದಾರು ಜನರ ಗುಂಪು ಸಾಕು. ಹೊರಗೆ ಸಂಗೀತ ಕಲಿಯುವ ಮಕ್ಕಳನ್ನು ಎಲ್ಲ ಗುಂಪಿಗೂ ಹಂಚಿ. ಒಂದು ಎಚ್ಚರಿಕೆ: ಅವರು ಇದ್ದ ಗುಂಪಿನಲ್ಲಿ ಉಳಿದವರು ಬಾಯಿಬಿಡುವುದೇ ಇಲ್ಲ. ಅದಕ್ಕೇ ಮೊದಲ ಪೀರಿಯಡ್‌ನಲ್ಲಿ ಅವರಿಗೆ ಬರೆಯುವ ಕೆಲಸ ಕೊಡಿ. ಬೇರೆಯವರು ಹೇಳಿದ್ದನ್ನು ಬರೆಯಬೇಕು, ತಿದ್ದುವಂತಿಲ್ಲ. ಇನ್ನೊಬ್ಬರಿಗೆ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುವ ಕೆಲಸ. ಈ ಜವಾಬ್ದಾರಿಗಳು ಪ್ರತಿ ವಾರ ಕೈ ಬದಲಾಗಲಿ. ಇಲ್ಲದಿದ್ದರೆ ಅಕ್ಷರ ಚೆನ್ನಾಗಿರುವ ಮಗು ವರ್ಷವಿಡೀ ಬರೆಯುತ್ತಲೇ ಇರುತ್ತದೆ, ಅಲ್ವಾ?

ಹಂತ 4: ಮೊದಲ ಪೀರಿಯಡ್

ಮಾತಾಡುವ ಮೊದಲು ಕೇಳಿಸಿ. ಇಡೀ ತರಗತಿ ಹಾಡನ್ನು ಒಮ್ಮೆ ಹಾಡಲಿ, ರೆಕಾರ್ಡ್ ಮಾಡಿ, ತಕ್ಷಣ ಅದನ್ನೇ ಹಾಕಿ. ನಗು ಬರುತ್ತದೆ, ಬರಲಿ. ಯಾರ ಹೆಸರೂ ಬರಬಾರದು ಎಂಬ ನಿಯಮವನ್ನು ಮಾತ್ರ ಮೊದಲೇ ಹೇಳಿಬಿಡಿ. ದನಿ ಒಡೆಯುತ್ತಿರುವ ಹುಡುಗನನ್ನು ನೋಡಿ ಒಮ್ಮೆ ತರಗತಿ ನಕ್ಕರೆ ಅವನು ಮುಂದೆ ವರ್ಷಗಟ್ಟಲೆ ಹಾಡುವುದಿಲ್ಲ.

ಆಮೇಲೆ ಸಮಸ್ಯೆಯ ಹಾಳೆ ಕೊಡಿ. ಬೋರ್ಡಿನ ಮೇಲೆ ನಾಲ್ಕು ಕಂಬಸಾಲು ಎಳೆಯಿರಿ: ಗೊತ್ತಿರುವುದು, ನಮ್ಮ ಊಹೆ, ಕಲಿಯಬೇಕಾದ್ದು, ಯಾರು ಏನು ಮಾಡುತ್ತಾರೆ. ಈ ನಾಲ್ಕು ಬ್ಯಾರೋಸ್ ಅವರ ಪದ್ಧತಿಯಿಂದಲೇ ಬಂದದ್ದು. ಇವತ್ತಿಗೂ ಇದಕ್ಕಿಂತ ಸರಳವಾದದ್ದು ನನಗೆ ಕಂಡಿಲ್ಲ.

ಮಕ್ಕಳು ಹೇಳುವುದು ಸುಮಾರಾಗಿ ಹೀಗಿರುತ್ತದೆ. ಗೊತ್ತಿರುವುದು: "ಚರಣದಲ್ಲಿ ಮೇಲೆ ಹೋದಾಗ ಕಿರುಚಿದ ಹಾಗೆ ಕೇಳುತ್ತದೆ." "ಕೆಲವರು ಕೆಳಗಿನ ಸ್ಥಾಯಿಯಲ್ಲಿ ಹಾಡುತ್ತಿದ್ದಾರೆ." ಊಹೆ: "ಶ್ರುತಿ ಇಳಿಸಿದರೆ ಸರಿಹೋಗುತ್ತದೆ." "ಹುಡುಗರು ಒಂದು ಸಾಲು, ಹುಡುಗಿಯರು ಒಂದು ಸಾಲು ಹಾಡಿದರೆ ಆಯಿತು." "ಅವರು ಪ್ರಾಕ್ಟೀಸ್ ಮಾಡಿಲ್ಲ." ಎಲ್ಲವನ್ನೂ ಬರೆಯಿರಿ, ತಪ್ಪು ಊಹೆಯನ್ನೂ. ಅಳಿಸುವ ಕೆಲಸ ಮುಂದಿನ ವಾರ ಅವರೇ ಮಾಡಲಿ.

ಮೂರನೆಯ ಕಂಬಸಾಲು ತುಂಬುವುದೇ ಕಷ್ಟ. ಅಲ್ಲಿ ಒಂದು ಪ್ರಶ್ನೆ ಕೆಲಸಕ್ಕೆ ಬರುತ್ತದೆ: "ನಿಮ್ಮ ಊಹೆ ಸರಿ ಅಂತ ಗೊತ್ತಾಗಬೇಕಾದರೆ ಏನು ತಿಳಿದಿರಬೇಕು?" ಶ್ರುತಿ ಇಳಿಸಬೇಕು ಅಂದವರಿಗೆ ಎಷ್ಟು ಇಳಿಸಬೇಕು ಅಂತ ತಿಳಿಯಬೇಕು. ಹಾಗಾದರೆ ಯಾರ ದನಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಅಳೆಯಬೇಕು. ಅಳೆಯುವುದು ಹೇಗೆ? ಪಾಠ ಬೇಕು ಅಂತ ಈಗ ಅವರೇ ಕೇಳುತ್ತಿದ್ದಾರೆ.

ಹಂತ 5: ಅಳತೆ, ಲೆಕ್ಕ, ಚಿಕ್ಕ ಪಾಠ

ಒಂದು ಕೀಬೋರ್ಡ್ ಅಥವಾ ಮೊಬೈಲ್‌ನಲ್ಲಿರುವ ಕೀಬೋರ್ಡ್ ಆ್ಯಪ್ ಸಾಕು. ಇಬ್ಬಿಬ್ಬರಾಗಿ ಮೂಲೆಗೆ ಹೋಗಿ ಅಳೆಯಲಿ, ಇಡೀ ತರಗತಿಯ ಮುಂದೆ ಬೇಡ. ಮಾತಾಡುವ ಎತ್ತರದಿಂದ ಶುರುಮಾಡಿ ಕೀಬೋರ್ಡಿನ ಒಂದೊಂದೇ ಮನೆ (ಒತ್ತುವ ಪಟ್ಟಿ) ಕೆಳಗೆ, ಆಮೇಲೆ ಮೇಲೆ. ಎಟುಕುವ ಕೊನೆಯ ಸ್ವರ ಬೇಡ, ಹಾಯಾಗಿ ಹಾಡಲು ಬರುವ ಕೊನೆಯ ಸ್ವರ ಬರೆದುಕೊಳ್ಳಲಿ. ಗಂಟಲು ಬಿಗಿಯಾದರೆ ಅಲ್ಲಿಗೆ ನಿಲ್ಲಿಸಬೇಕು.

ಗ್ರಾಫ್ ಹಾಳೆಯ ಮೇಲೆ ಪ್ರತಿ ಮಗುವಿಗೂ ಒಂದು ನಿಂತ ಗೆರೆ, ಹೆಸರಿಲ್ಲದೆ. ಎಲ್ಲ ಗೆರೆಗಳು ಒಟ್ಟಿಗೆ ಬಂದಾಗ ಚಿತ್ರ ಕಾಣುತ್ತದೆ. ಮೇಲೆ ಒಂದು ಗುಂಪು, ಕೆಳಗೆ ದನಿ ಇಳಿದು ನೆಲೆಯಾದ ಒಂದು ಗುಂಪು. ನಡುವೆ ಕೆಲವು ಗಿಡ್ಡ ಗೆರೆಗಳು. ಮೇಲಿನವರು ಮತ್ತು ಕೆಳಗಿನವರಿಂದ ತೊಂದರೆಯಿಲ್ಲ, ಅವರು ಒಂದು ಸ್ಥಾಯಿಯ ಅಂತರದಲ್ಲಿ ಅದೇ ಹಾಡನ್ನು ಹಾಡಬಹುದು. ನಡುವಿನವರಿಗೆ ಈ ಸ್ಥಾಯಿಯೂ ಹೊಂದುವುದಿಲ್ಲ, ಆ ಸ್ಥಾಯಿಯೂ ಹೊಂದುವುದಿಲ್ಲ. "ಪ್ರಾಕ್ಟೀಸ್ ಮಾಡಿಲ್ಲ" ಎಂಬ ಊಹೆ ಇಲ್ಲಿಗೆ ಬಿದ್ದುಹೋಗುತ್ತದೆ.

ಈಗ ಲೆಕ್ಕ. ಹಾಡು ಷಡ್ಜದಿಂದ (ಸ) ಶುರುವಾಗಿ ಚರಣದಲ್ಲಿ ತಾರಸ್ಥಾಯಿಯ, ಅಂದರೆ ಮೇಲಿನ ಸ್ಥಾಯಿಯ, ಅಂತರ ಗಾಂಧಾರ (ಗ) ಮುಟ್ಟುತ್ತದೆ ಅಂದುಕೊಳ್ಳಿ. ಕಪ್ಪು ಬಿಳಿ ಎಲ್ಲ ಸೇರಿ ಕೀಬೋರ್ಡಿನಲ್ಲಿ 17 ಮನೆ. ನಡುವಿನ ಗುಂಪಿನವರೆಲ್ಲರಿಗೂ ಹಾಯಾಗಿ ಬರುವುದು ಮಧ್ಯದ ಸಿ (ಕೀಬೋರ್ಡಿನ ನಡುವಿನ ಸಿ ಸ್ವರ) ಗಿಂತ ಕೆಳಗಿನ ಎ ಇಂದ ಮೇಲಿನ ಎಫ್ ವರೆಗೆ, ಅಂದರೆ 9 ಮನೆ. 17 ಮನೆಯ ಹಾಡು 9 ಮನೆಯಲ್ಲಿ ಹಿಡಿಸುವುದಿಲ್ಲ, ಶ್ರುತಿ ಎಷ್ಟು ಇಳಿಸಿದರೂ ಅಷ್ಟೇ. ಶ್ರುತಿ ಇಳಿಸಿದರೆ ಹಾಡು ಪೂರ್ತಿ ಕೆಳಗೆ ಸರಿಯುತ್ತದೆಯೇ ಹೊರತು ಚಿಕ್ಕದಾಗುವುದಿಲ್ಲ. ಈ ಮಾತನ್ನು ನಾವು ಹೇಳಿದರೆ ಒಂದು ವಾಕ್ಯ. ಹಾಡಿನಷ್ಟು ಉದ್ದದ ಹಾಳೆಯ ಪಟ್ಟಿ ಕತ್ತರಿಸಿ, ಗ್ರಾಫಿನ ಮೇಲಿಟ್ಟು, ಮೇಲಕ್ಕೂ ಕೆಳಕ್ಕೂ ಜರುಗಿಸಿ ಮಕ್ಕಳೇ ಕಂಡರೆ ಅದು ಮರೆಯುವುದಿಲ್ಲ.

ಆಗ ಯಾರೋ ಒಬ್ಬರು ಪಲ್ಲವಿಯನ್ನು ಮಾತ್ರ ಅಳೆಯುತ್ತಾರೆ. ಅದು ಷಡ್ಜದಿಂದ ಪಂಚಮದವರೆಗೆ (ಸ ಇಂದ ಪ), ಬರೀ 8 ಮನೆ. 9ರಲ್ಲಿ 8 ಹಿಡಿಸುತ್ತದೆ, ಎರಡೇ ಎರಡು ಕಡೆ: ಷಡ್ಜವನ್ನು ಎ ಮೇಲೆ ಇಡಬೇಕು, ಇಲ್ಲವೇ ಅದರ ಪಕ್ಕದ ಕಪ್ಪು ಮನೆಯ ಮೇಲೆ. ಎ ಮೇಲೆ ಇಟ್ಟರೆ ಚರಣದ ತುದಿ ಮೇಲಿನ ಸಿ ಶಾರ್ಪ್‌ಗೆ ಬರುತ್ತದೆ. ಮೇಲಿನ ಗುಂಪಿಗೆ ಅದು ಎಟುಕುತ್ತದೆಯೇ ಅಂತ ಗ್ರಾಫ್ ನೋಡಿದರೆ ಆಯಿತು. ಚರಣದ ಹೊತ್ತಿಗೆ ನಡುವಿನವರು ಏನು ಮಾಡಬೇಕು? ಒಂದು ಗುಂಪು ಅವರಿಗೆ ಷಡ್ಜ-ಪಂಚಮ ಹಿಡಿದು ನಿಲ್ಲಿಸುವ ಕೆಲಸ ಕೊಡಬಹುದು. ಇನ್ನೊಂದು ಗುಂಪು ಪಲ್ಲವಿಯ ಒಂದು ತುಣುಕನ್ನೇ ಚರಣದ ಕೆಳಗೆ ಮತ್ತೆ ಮತ್ತೆ ಹಾಡಿಸಬಹುದು. ಆ ತುಣುಕು ಎಲ್ಲ ಕಡೆ ಹೊಂದುವುದಿಲ್ಲ. ಎಲ್ಲಿ ಹೊಂದುತ್ತದೆ, ಎಲ್ಲಿ ಕರ್ಕಶವಾಗುತ್ತದೆ ಅಂತ ಹುಡುಕುವಾಗ ಸ್ವರಗಳ ಸಂಬಂಧದ ಇಡೀ ಪಾಠ ನಡೆದುಹೋಗುತ್ತದೆ.

ನಮ್ಮ ಪಾಠ ಈ ನಡುವೆ ಬರುತ್ತದೆ, ಹತ್ತು ನಿಮಿಷದ ತುಣುಕುಗಳಾಗಿ. ಶ್ರುತಿ ಬದಲಿಸುವುದು ಹೇಗೆ ಅಂತ ಒಂದು ದಿನ, ದನಿ ಯಾಕೆ ಒಡೆಯುತ್ತದೆ ಅಂತ ಇನ್ನೊಂದು ದಿನ. ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡುವುದು ಈ ಪದ್ಧತಿಯಲ್ಲ. ಕಿರ್ಷ್ನರ್, ಸ್ವೆಲರ್, ಕ್ಲಾರ್ಕ್ ಎಂಬ ಮೂವರು ಸಂಶೋಧಕರು 2006ರಲ್ಲಿ ಇದರ ಮೇಲೆ ಕಟುವಾಗಿ ಬರೆದರು: ಏನೂ ಗೊತ್ತಿಲ್ಲದ ಹೊಸಬರಿಗೆ ಮಾರ್ಗದರ್ಶನ ಕಡಿಮೆ ಮಾಡಿದರೆ ಕಲಿಕೆ ಆಗುವುದಿಲ್ಲ ಎಂದು. ಮರುವರ್ಷವೇ ಹ್ಮೆಲೊ-ಸಿಲ್ವರ್ ಮತ್ತಿತರರು ಉತ್ತರ ಕೊಟ್ಟರು: ಸರಿಯಾಗಿ ಮಾಡಿದ ಸಮಸ್ಯೆ ಆಧಾರಿತ ಕಲಿಕೆಯಲ್ಲಿ ಹೆಜ್ಜೆಹೆಜ್ಜೆಗೂ ಆಸರೆ ಇರುತ್ತದೆ ಎಂದು. ನನ್ನ ಮಟ್ಟಿಗೆ ಇಬ್ಬರ ಮಾತಿನಲ್ಲೂ ಹುರುಳಿದೆ. ಷಡ್ಜ ಯಾವುದು ಅಂತಲೇ ಗುರುತಿಸಲು ಬಾರದ ತರಗತಿಗೆ ಮೊದಲು ಅದನ್ನು ಕಲಿಸಿ, ಆಮೇಲೆ ಸಮಸ್ಯೆ ಕೊಡಿ.

ಹಂತ 6: ಶಿಕ್ಷಕರ ಬಾಯಿ

ಉತ್ತರ ಗೊತ್ತಿದ್ದೂ ಸುಮ್ಮನಿರುವುದು ತುಂಬಾ ಕಷ್ಟ. ಸಂಗೀತ ಶಿಕ್ಷಕರಿಗೆ ಇನ್ನೂ ಕಷ್ಟ, ಯಾಕೆಂದರೆ ಅಪಸ್ವರ ಕಿವಿಗೆ ಚುಚ್ಚುತ್ತಿರುತ್ತದೆ. ಒಂದು ಗುಂಪಿನ ಹತ್ತಿರ ಹೋದಾಗ ಇಂಥ ಮಾತು ನಡೆಯುತ್ತದೆ:

"ಮಿಸ್, ಇದು ಸರೀನಾ?"

"ರೆಕಾರ್ಡ್ ಮಾಡಿದಿರಾ? ಹಾಕಿ ಕೇಳೋಣ. ಎಲ್ಲಿ ಕೆಟ್ಟ ಹಾಗೆ ಅನ್ನಿಸ್ತು?"

"ಎರಡನೇ ಸಾಲಿನ ಕೊನೇಲಿ."

"ಅಲ್ಲಿ ಯಾರ್ಯಾರು ಯಾವ ಸ್ವರದಲ್ಲಿದ್ದೀರಿ?"

ಇಷ್ಟು ಕೇಳಿ ಮುಂದಿನ ಗುಂಪಿಗೆ ಹೋಗಿಬಿಡಿ. ಅಲ್ಲೇ ನಿಂತರೆ ಅವರು ನಿಮ್ಮ ಮುಖ ನೋಡಿ ಉತ್ತರ ಊಹಿಸುತ್ತಾರೆ. ಸರಿ, ತಪ್ಪು ಹೇಳುವ ಕೆಲಸ ರೆಕಾರ್ಡಿಂಗ್‌ಗೆ ಬಿಡಿ. ಸಮಸ್ಯೆ ಕಿವಿಗೆ ಕೇಳುವಂಥದ್ದಾಗಿರಬೇಕು ಅಂತ ಮೊದಲೇ ಹೇಳಿದ್ದು ಇದಕ್ಕೇ.

ಒಂದು ಗುಂಪು ಎರಡು ಪೀರಿಯಡ್ ಆದರೂ ಅಲ್ಲೇ ಸುತ್ತುತ್ತಿದ್ದರೆ ಇನ್ನು ಮೌನ ಬಿಡಿ. ಒಂದು ಸುಳಿವು ಕೊಡಿ: "ಇಡೀ ಹಾಡನ್ನೇ ಅಳೆಯಬೇಕಾ? ತುಂಡು ಮಾಡಿ ನೋಡಿದಿರಾ?"

ಹಂತ 7: ಒಪ್ಪಿಸುವುದು, ಅಂಕ ಕೊಡುವುದು

ಪ್ರತಿ ಗುಂಪಿನ ಪರಿಹಾರವನ್ನೂ ಇಡೀ ತರಗತಿ ಹಾಡಿ ನೋಡಲಿ. ಕಾಗದದ ಮೇಲೆ ಜಾಣತನದಂತೆ ಕಂಡದ್ದು ನಲವತ್ತು ಬಾಯಿಗೆ ಬಂದಾಗ ಸೋಲಬಹುದು. ನಂತರ ಎರಡು ಗುಂಪುಗಳ ಪರಿಹಾರಗಳನ್ನು ಸೇರಿಸಿ ಒಂದು ಮಾಡಿದರೂ ಸರಿ.

ಅಂಕ ಕೊಡುವಾಗ ಯಾರು ಚೆನ್ನಾಗಿ ಹಾಡಿದರು ಎಂಬುದನ್ನು ಪಕ್ಕಕ್ಕಿಡಿ. ಮೊದಲ ರೆಕಾರ್ಡಿಂಗ್, ಕೊನೆಯ ರೆಕಾರ್ಡಿಂಗ್ ಎರಡನ್ನೂ ಇಟ್ಟುಕೊಂಡು ಪ್ರತಿಯೊಬ್ಬರೂ ಒಂದು ಪುಟ ಬರೆಯಲಿ: ಏನು ಬದಲಾಯಿತು, ಯಾಕೆ ಹಾಗೆ ಬದಲಿಸಿದಿರಿ, ಯಾವ ಊಹೆ ಬಿದ್ದುಹೋಯಿತು. ಗುಂಪಿನ ಕೆಲಸಕ್ಕೆ ಅರ್ಧ, ಈ ಪುಟಕ್ಕೆ ಅರ್ಧ ಅಂಕ ಇಟ್ಟರೆ ಗುಂಪಿನ ನೆರಳಲ್ಲಿ ಕೂತವರು ಕಾಣಿಸಿಕೊಳ್ಳುತ್ತಾರೆ.

ಇನ್ನೂ ಕೆಲವು ಸಮಸ್ಯೆಗಳು

ಮೈದಾನದಲ್ಲಿ ಎಲ್ಲರೂ ಸೇರಿ ಹಾಡುವಾಗ ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ತಾಳ ತಪ್ಪುವುದನ್ನು ಕೇಳಿರುತ್ತೀರಿ. ಯಾಕೆ? ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 34 ಮೀಟರ್ ಹಿಂದೆ ನಿಂತವರಿಗೆ ಮುಂದಿನವರ ದನಿ ಸೆಕೆಂಡಿನ ಹತ್ತರಲ್ಲಿ ಒಂದು ಭಾಗ ತಡವಾಗಿ ಕೇಳುತ್ತದೆ. ಅವರು ಹಾಡಿದ್ದು ಮುಂದಕ್ಕೆ ಬರಲು ಇನ್ನೊಂದು ಅಷ್ಟೇ ಹೊತ್ತು. ನಿಮಿಷಕ್ಕೆ 90 ಏಟಿನ ಹಾಡಾದರೆ ಒಂದು ಏಟಿನ ಸುಮಾರು ಮೂರನೇ ಒಂದು ಭಾಗ ಹೋಯಿತು. ಮುಂದಿರುವವರು ಹಿಂದಿನವರಿಗೆ ಕಾಯುತ್ತಾ ಹೋದರೆ ಹಾಡೇ ನಿಧಾನವಾಗುತ್ತದೆ. ಪರಿಹಾರ ಹಲವು: ಕೈ ಎತ್ತಿ ತಾಳ ತೋರಿಸುವುದು, ಸ್ಪೀಕರ್ ಜಾಗ ಬದಲಿಸುವುದು, ಸಾಲು ಅಗಲ ಮಾಡಿ ಆಳ ಕಡಿಮೆ ಮಾಡುವುದು. ವಿಜ್ಞಾನದ ಶಿಕ್ಷಕರನ್ನೂ ಸೇರಿಸಿಕೊಳ್ಳಿ. ಮೈದಾನದ ಆ ತುದಿಯಲ್ಲಿ 100 ಮೀಟರ್ ದೂರ ನಿಂತು ಒಬ್ಬರು ತಲೆಯ ಮೇಲೆ ಕೈಯೆತ್ತಿ ಚಪ್ಪಾಳೆ ತಟ್ಟಿದರೆ ಕೈ ಸೇರಿದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ.

ಇನ್ನೊಂದು: ಒಂದು ತುದಿ ಮುಚ್ಚಿದ ಪ್ಲಾಸ್ಟಿಕ್ ಪೈಪುಗಳಿಂದ ಒಂದು ರಾಗದ ಮಟ್ಟು ನುಡಿಸಬೇಕು. ಮಧ್ಯದ ಸಿ ಬರಲು ಪೈಪಿನ ಉದ್ದ 33 ಸೆಂಟಿಮೀಟರ್‌ಗೆ ಹತ್ತಿರ, ಅದರ ಅರ್ಧಕ್ಕೆ ಮೇಲಿನ ಸಿ. ದಪ್ಪ ಪೈಪಾದರೆ ಲೆಕ್ಕ ಸ್ವಲ್ಪ ಜಾರುತ್ತದೆ, ಕಿವಿಯಲ್ಲಿ ಕೇಳಿಕೊಂಡೇ ಕತ್ತರಿಸಬೇಕು. ಮೊದಲು ಉದ್ದವಾಗಿ ಕತ್ತರಿಸಲು ಹೇಳಿ. ಪೈಪನ್ನು ಗಿಡ್ಡ ಮಾಡಬಹುದು, ಉದ್ದ ಮಾಡಲಾಗದು.

ಪ್ರತಿಧ್ವನಿ ಜಾಸ್ತಿ ಇರುವ ಸಭಾಂಗಣವೂ ಒಳ್ಳೆಯ ಸಮಸ್ಯೆ. 1895ರಲ್ಲಿ ಹಾರ್ವರ್ಡ್‌ನ ಒಂದು ಉಪನ್ಯಾಸ ಕೊಠಡಿಯಲ್ಲಿ ಮಾತು ಅರ್ಥವೇ ಆಗುತ್ತಿರಲಿಲ್ಲ. ವ್ಯಾಲೇಸ್ ಸಬೈನ್ ಎಂಬ ಯುವ ಭೌತವಿಜ್ಞಾನಿಗೆ ಅದನ್ನು ಸರಿಮಾಡಲು ಹೇಳಿದರು. ಅವರು ಪಕ್ಕದ ರಂಗಮಂದಿರದ ಕುರ್ಚಿ ದಿಂಬುಗಳನ್ನು ರಾತ್ರಿ ಹೊತ್ತು ಒಳಗೆ ತರಿಸಿ, ಎಷ್ಟು ದಿಂಬಿಗೆ ಎಷ್ಟು ಸದ್ದು ಇಂಗುತ್ತದೆ ಅಂತ ಅಳೆದರು. ಕಟ್ಟಡಗಳ ಧ್ವನಿವಿಜ್ಞಾನ ಶುರುವಾದದ್ದೇ ಅಲ್ಲಿಂದ. ನಿಮ್ಮ ಮಕ್ಕಳಿಗೆ ಪರದೆ, ಚಾಪೆ, ಬ್ಯಾಗುಗಳೇ ಸಾಕು. ಈ ಕತೆಯನ್ನು ಮಾತ್ರ ಅವರು ಪ್ರಯತ್ನಿಸಿದ ಮೇಲೆ ಹೇಳಿ, ಮೊದಲೇ ಹೇಳಿದರೆ ಉತ್ತರ ಕೊಟ್ಟ ಹಾಗೆ.

ಸದ್ದು, ಸಮಯ, ಮತ್ತು ಯಾವುದಕ್ಕೆ ಬೇಡ

ಒಂದೇ ಕೋಣೆಯಲ್ಲಿ ಆರು ಗುಂಪು ಹಾಡಿದರೆ ಪಕ್ಕದ ತರಗತಿಯವರು ಬಂದೇ ಬರುತ್ತಾರೆ. ಅರ್ಧ ಗುಂಪುಗಳು ಲೆಕ್ಕ, ಬರವಣಿಗೆ ಮಾಡುತ್ತಿರುವಾಗ ಉಳಿದರ್ಧ ಹಾಡಲಿ, ಆಮೇಲೆ ಬದಲಾಗಲಿ. ಕಾರಿಡಾರ್, ಮರದ ನೆರಳು ಇದ್ದರೆ ಬಳಸಿ. ಮುಖ್ಯೋಪಾಧ್ಯಾಯರಿಗೆ ಮೊದಲೇ ಒಂದು ಮಾತು ಹೇಳಿಟ್ಟರೆ ಒಳ್ಳೆಯದು. ವಾರಕ್ಕೆ ಒಂದೇ ಪೀರಿಯಡ್ ಇದ್ದರೆ ಚಿಕ್ಕ ಸಮಸ್ಯೆ ಆರಿಸಿ. ಪಾಠದ ನಡುವೆ ಏಳು ದಿನದ ಅಂತರ ಬೀಳುವುದರಿಂದ ಬೋರ್ಡಿನ ನಾಲ್ಕು ಕಂಬಸಾಲುಗಳ ಫೋಟೊ ತೆಗೆದಿಡಲೇಬೇಕು.

ಉಸಿರು ಹಿಡಿಯುವುದು, ಕೈ ಇಡುವ ರೀತಿ, ಶ್ರುತಿ ಸೇರಿಸಿ ನಿಲ್ಲುವುದು, ಇವಕ್ಕೆ ಈ ಪದ್ಧತಿ ಬೇಡ. ತೋರಿಸಿ, ಮಾಡಿಸಿ, ತಿದ್ದಿ, ಮತ್ತೆ ಮಾಡಿಸುವುದೇ ಅಲ್ಲಿ ಸರಿ. ತಪ್ಪು ಕೈ ಒಮ್ಮೆ ಅಭ್ಯಾಸವಾದರೆ ಬಿಡಿಸುವುದಕ್ಕೆ ತಿಂಗಳುಗಳೇ ಬೇಕು. ವರ್ಷಕ್ಕೆ ಎರಡು ಅಥವಾ ಮೂರು ಸಮಸ್ಯೆ ಧಾರಾಳವಾಯಿತು, ಉಳಿದ ಪೀರಿಯಡ್‌ಗಳಲ್ಲಿ ನೀವು ಕಲಿಸುವ ಹಾಗೇ ಕಲಿಸಿ.

ರೆಕಾರ್ಡಿಂಗ್‌ಗಳನ್ನು ಅಳಿಸಬೇಡಿ. ತರಗತಿ, ತಿಂಗಳು, ವರ್ಷ ಹಾಕಿ ಶಾಲೆಯ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ, ಮಕ್ಕಳ ಹೆಸರು ಬೇಡ, ವಾಟ್ಸಾಪ್‌ಗೂ ಬೇಡ. ಇದೇ ಮಕ್ಕಳಿಗೆ ಮುಂದಿನ ವರ್ಷ ಆ ಗ್ರಾಫ್ ಕೊಟ್ಟು, ಆ ಹಾಡನ್ನು ಹಾಕಿ, "ಈ ಶ್ರುತಿ ಈಗಲೂ ನಿಮಗೆ ಹೊಂದುತ್ತದಾ?" ಅಂತ ಕೇಳಿದರೆ ಎರಡನೇ ಸಮಸ್ಯೆ ಸಿದ್ಧ. ಅಷ್ಟರಲ್ಲಿ ನಡುವಿನ ಗಿಡ್ಡ ಗೆರೆಗಳಲ್ಲಿ ಹೆಚ್ಚಿನವು ಜಾಗ ಬದಲಿಸಿರುತ್ತವೆ.